ತಂಡ ಕಟ್ಟಿ ಆಡುವ ಹಳೇ ಆಟ: ಜನ ಅಂದುಕೊಂಡದ್ದು, ನಿಜವಾಗಿ ಇರುವುದು

ನಮ್ಮ ಕೊಪ್ಪಳ ಜಿಲ್ಲೆಯ ತಾವರಗೇರಾದಲ್ಲಿ ‘ಗೇಮ್’ ಎಂದು ಬಾಯಿಬಿಟ್ಟರೆ ಜನಕ್ಕೆ ನೆನಪಾಗುವುದು ಎರಡೇ. ಒಂದು, ಹುಡುಗರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ಗುಂಡು ಹಾರಿಸುವ ಆಟ. ಇನ್ನೊಂದು, ರೊಕ್ಕ ಕಟ್ಟಿ ಆಡುವ ರಮ್ಮಿ. ಈ ಎರಡರ ಆಚೆ ಮೂರನೆಯದೊಂದಿದೆ. ಕಂಪ್ಯೂಟರಿನ ಮುಂದೆ ಕೂತು, ನಾಲ್ಕೋ ಆರೋ ಮಂದಿಯ ತಂಡ ಕಟ್ಟಿಕೊಂಡು, ಕತ್ತಿ ಗುರಾಣಿ ಮಾಟ ಮಂತ್ರಗಳ ಕಲ್ಪಿತ ನಾಡಿನಲ್ಲಿ ತಿಂಗಳುಗಟ್ಟಲೆ ಅಲೆಯುವ ಆಟ ಅದು. ರೋಲ್ ಪ್ಲೇಯಿಂಗ್ ಗೇಮ್, ಚಿಕ್ಕದಾಗಿ ಆರ್‌ಪಿಜಿ ಎನ್ನುತ್ತಾರೆ. ಕೆನಡಾದ ಬಯೋವೇರ್ ಕಂಪನಿ 1998ರ ಡಿಸೆಂಬರಿನಲ್ಲಿ ತಂದ ‘ಬಾಲ್ಡರ್ಸ್ ಗೇಟ್’ ಈ ಬಗೆಯ ಆಟಗಳಿಗೆ ಹಿರಿಯಣ್ಣ. ಓದುವ ದಿನಗಳಲ್ಲಿ ಅದನ್ನು ಆಡಿ, ನಡುವಯಸ್ಸಿನಲ್ಲಿ ಮತ್ತೆ ಕೈಗೆತ್ತಿಕೊಂಡವರಲ್ಲಿ ನಾನೂ ಒಬ್ಬ. ಮನೆಯಲ್ಲಿ, ಓಣಿಯಲ್ಲಿ ಇದರ ಬಗ್ಗೆ ಕೇಳಿಬರುವ ಮಾತುಗಳಿಗೆ ಉತ್ತರ ಹೇಳಲೇಬೇಕು ಎನಿಸಿ ಇದನ್ನು ಬರೆಯುತ್ತಿದ್ದೇನೆ.

ತಪ್ಪು ಕಲ್ಪನೆ: ಗೇಮ್ ಅಂದಮೇಲೆ ರೊಕ್ಕ ಹೋಗೇ ಹೋಗುತ್ತದೆ

“ಕಾಕಾ, ಇದರಾಗ ಎಷ್ಟು ರೊಕ್ಕ ಹಾಕೀರಿ? ಎಷ್ಟು ಬಂತು?” ಎಂದು ಅಣ್ಣನ ಮಗ ಕೇಳಿದ. ಅವನ ಅನುಮಾನ ಸುಳ್ಳೇನಲ್ಲ. ಆನ್‌ಲೈನ್ ಜೂಜಿನಲ್ಲಿ ಹೊಲ ಮನೆ ಕಳೆದುಕೊಂಡವರ ಸುದ್ದಿ ಓದಿಯೇ ಅವನು ಬೆಳೆದವನು. 2021ರ ಅಕ್ಟೋಬರಿನಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಕಲಮುಗಳನ್ನು ರದ್ದು ಮಾಡಿತು. ಆಮೇಲೆ 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ದೇಶಕ್ಕೇ ಅನ್ವಯಿಸುವಂತೆ ನಿಷೇಧಿಸಿತು. ಆ ಕಾಯ್ದೆಯೇ ಹಣದ ಆಟ ಬೇರೆ, ಇ-ಸ್ಪೋರ್ಟ್ಸ್ ಬೇರೆ, ಮನರಂಜನೆಯ ಆಟ ಬೇರೆ ಎಂದು ಗೆರೆ ಎಳೆದಿದೆ.

ಬಾಲ್ಡರ್ಸ್ ಗೇಟ್‌ನಂಥ ಆಟದಲ್ಲಿ ಎದುರಿಗೆ ಇನ್ನೊಬ್ಬ ಆಟಗಾರ ಇರಬೇಕೆಂದಿಲ್ಲ, ಪಣವಂತೂ ಇಲ್ಲವೇ ಇಲ್ಲ. ಪುಸ್ತಕ ಕೊಂಡಂತೆ ಒಮ್ಮೆ ಕೊಂಡರೆ ಮುಗಿಯಿತು. ಆಟದೊಳಗೆ ಸಿಗುವ ಚಿನ್ನದ ನಾಣ್ಯ ಆಟದೊಳಗೇ ಖರ್ಚಾಗುತ್ತದೆ. ನೆಟ್ ಇಲ್ಲದಿದ್ದರೂ ಆಟ ನಡೆಯುತ್ತದೆ.

ತಪ್ಪು ಕಲ್ಪನೆ: ಬೆರಳು ಚುರುಕಿದ್ದವರಿಗೆ ಮಾತ್ರ ಈ ಆಟ

ಇದು ಸತ್ಯಕ್ಕೆ ಪೂರ್ತಿ ತದ್ವಿರುದ್ಧ. ಈ ಆಟದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕೀ ಸ್ಪೇಸ್ ಬಾರ್. ಅದನ್ನು ಒತ್ತಿದರೆ ಎತ್ತಿದ ಕತ್ತಿ ಎತ್ತಿದಲ್ಲೇ, ಬಿಟ್ಟ ಬಾಣ ಗಾಳಿಯಲ್ಲೇ ನಿಲ್ಲುತ್ತದೆ. ಎಷ್ಟು ಹೊತ್ತು ಬೇಕಾದರೂ ನಿಲ್ಲಿಸಿಟ್ಟು ಯೋಚಿಸಬಹುದು, ಎದ್ದು ಹೋಗಿ ಚಹಾ ಕುಡಿದು ಬರಬಹುದು. ಶತ್ರು ಕಣ್ಣಿಗೆ ಬಿದ್ದ ತಕ್ಷಣ ತಾನಾಗಿಯೇ ನಿಲ್ಲುವಂತೆಯೂ ಮಾಡಿಟ್ಟುಕೊಳ್ಳಬಹುದು.

ನ್ಯಾಷ್ಕೆಲ್ ಎಂಬ ಊರಿನ ಕಬ್ಬಿಣದ ಗಣಿಯನ್ನೇ ತೆಗೆದುಕೊಳ್ಳಿ. ಇಕ್ಕಟ್ಟಿನ ಸುರಂಗ, ಎದುರಿಗೆ ಬಿಲ್ಲು ಹಿಡಿದ, ಕೋಬೋಲ್ಡ್ ಎಂಬ ಕುಳ್ಳ ಜೀವಿಗಳ ಗುಂಪು. ನಮ್ಮ ಮಾಂತ್ರಿಕ ಇನ್ನೂ ಮೊದಲನೇ ಮೆಟ್ಟಿಲಿನವನಾಗಿದ್ದರೆ ಅವನ ಪ್ರಾಣ ನಾಲ್ಕರಿಂದ ಆರು ಅಂಕ, ಅಂದರೆ ಒಂದೋ ಎರಡೋ ಬಾಣಕ್ಕೆ ಆಸಾಮಿ ಸತ್ತ. ದಿನಕ್ಕೆ ಅವನಿಗೆ ಒಂದೇ ಮಂತ್ರ, ಹೆಚ್ಚೆಂದರೆ ಎರಡು. ಯಾವ ಮಂತ್ರ ಬೇಕಾಗುತ್ತದೆ ಎಂದು ಹಿಂದಿನ ರಾತ್ರಿ ಮಲಗುವ ಮುಂಚೆಯೇ ಲೆಕ್ಕ ಹಾಕಿ ಹೊಂದಿಸಿಡಬೇಕು, ನಿದ್ದೆ ಮಾಡಿ ಎದ್ದ ಮೇಲೆ ಅದು ಕೈಗೆ ಸಿಗುತ್ತದೆ. ಮಂತ್ರ ಹೇಳುತ್ತಿರುವಾಗ ಏಟು ಬಿದ್ದರೆ ಅದೂ ಹಾಳು. ಆದ್ದರಿಂದ ಸುರಂಗದ ಬಾಯಿಗೆ ಕಬ್ಬಿಣದ ಕವಚ ತೊಟ್ಟ ಇಬ್ಬರನ್ನು ನಿಲ್ಲಿಸಿ, ಅವರ ಹಿಂದೆ ಬಿಲ್ಲುಗಾರರನ್ನಿಟ್ಟು, ಮಾಂತ್ರಿಕನನ್ನು ಕೊನೆಗೆ ನಿಲ್ಲಿಸಿ, ನಿದ್ದೆ ಬರಿಸುವ ಮಂತ್ರ ಹೇಳಿಸಬೇಕು. ಮುಂದೆ ಬೆಂಕಿಯುಂಡೆಯ ಮಂತ್ರ ಕೈಗೆ ಬಂದ ಕಾಲಕ್ಕೆ ಇನ್ನೂ ಎಚ್ಚರ ಬೇಕು. ಆ ಬೆಂಕಿಗೆ ವೈರಿ ಯಾರು, ನಮ್ಮವ ಯಾರು ಎಂಬ ಭೇದವಿಲ್ಲ.

ಒಳಗೆ ನಡೆಯುವುದು ದಾಳದ ಲೆಕ್ಕ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೇಜಿನ ಆಟದ ನಿಯಮಗಳೇ ಇಲ್ಲಿವೆ. ಹೊಡೆಯುವವನ ಅಂಕ 20, ಎದುರಾಳಿಯ ಕವಚದ ಅಂಕ 7 ಎಂದಿಟ್ಟುಕೊಳ್ಳಿ. ಇಪ್ಪತ್ತು ಮುಖದ ದಾಳದಲ್ಲಿ 13 ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಏಟು ತಾಗಿತು. ಇಪ್ಪತ್ತರಲ್ಲಿ ಎಂಟು ಅವಕಾಶ, ಶೇ 40. ಕವಚದ ಅಂಕ ಇಳಿದಷ್ಟೂ ಅವನನ್ನು ಹೊಡೆಯುವುದು ಕಷ್ಟ. ಈ ತಿರುಗುಮುರುಗು ಲೆಕ್ಕ ಹೊಸಬರನ್ನು ಮೊದಮೊದಲು ಗೊಂದಲಕ್ಕೆ ಕೆಡವುತ್ತದೆ. ಒಮ್ಮೆ ತಲೆಗೆ ಹೋಯಿತೆಂದರೆ ಇಡೀ ಆಟ ಕೈಗೆ ಬಂದಂತೆ. ಬೆರಳಿನ ವೇಗಕ್ಕೆ ಇದರಲ್ಲಿ ಎಲ್ಲಿ ಜಾಗ?

ತಪ್ಪು ಕಲ್ಪನೆ: ಲಕ್ಷ ರೂಪಾಯಿಯ ಕಂಪ್ಯೂಟರ್ ಬೇಕು

ಹೊಸ ‘ಬಾಲ್ಡರ್ಸ್ ಗೇಟ್ 3’ಕ್ಕೆ ಬೇಕು, ಅದೊಂದೇ ಸುಮಾರು 150 ಜಿಬಿ ಜಾಗ ನುಂಗುತ್ತದೆ. ಹಳೆಯದು ಪೆಂಟಿಯಂ ಕಾಲದ್ದು, ಐದು ಸಿ.ಡಿ.ಗಳಲ್ಲಿ ಬಂದದ್ದು. 2012ರಲ್ಲಿ ಬೀಮ್‌ಡಾಗ್ ಕಂಪನಿ ಅದನ್ನು ಇಂದಿನ ಯಂತ್ರಗಳಿಗೆ ಹೊಂದಿಸಿ ಮತ್ತೆ ಹೊರತಂದಿತು. ಆಫೀಸಿನ ಹಳೇ ಲ್ಯಾಪ್‌ಟಾಪಿನಲ್ಲಿ ಅದು ಸಲೀಸಾಗಿ ಓಡುತ್ತದೆ. ಕರೆಂಟಿನ ಭರವಸೆ ಇಲ್ಲದ ಕಡೆ ಆಗಾಗ ಕ್ಯೂ ಒತ್ತಿ ಆಟ ಉಳಿಸಿಕೊಳ್ಳುವುದು ಒಳ್ಳೆಯದು.

ತಪ್ಪು ಕಲ್ಪನೆ: ಒಮ್ಮೆ ಮುಗಿಸಿದ ಆಟದಲ್ಲಿ ಮತ್ತೇನಿರುತ್ತದೆ?

ಕತೆಯ ಮುಖ್ಯ ಎಳೆ ಬದಲಾಗುವುದಿಲ್ಲ, ನಿಜ. ನಾಡಿನಲ್ಲಿ ಕಬ್ಬಿಣದ ಬರ ಬಿದ್ದಿದೆ, ಹಳೇ ಕತ್ತಿಗಳು ಪುಡಿಪುಡಿಯಾಗುತ್ತಿವೆ, ಸಾಕುತಂದೆಯನ್ನು ಕಳೆದುಕೊಂಡ ಹುಡುಗನೋ ಹುಡುಗಿಯೋ ಇದರ ಮೂಲ ಹುಡುಕಿ ಹೊರಡಬೇಕು. ಆದರೆ ಮರಳಿ ಬಂದವರನ್ನು ಹಿಡಿದು ಕೂರಿಸುವುದು ಆ ಎಳೆಯಲ್ಲ, ತಂಡ.

ಇಪ್ಪತ್ತರ ವಯಸ್ಸಿನಲ್ಲಿ ತಂಡ ಕಟ್ಟುವುದೆಂದರೆ ಅಂಕ ನೋಡಿ ಗಟ್ಟಿಗರನ್ನು ಆರಿಸುವುದು. ಮತ್ತೆ ಆಡುವಾಗ ಕಣ್ಣಿಗೆ ಬೀಳುವುದೇ ಬೇರೆ. ನ್ಯಾಷ್ಕೆಲ್‌ನಲ್ಲಿ ಮಿನ್ಸ್ಕ್ ಎಂಬ ಭಾರಿ ಆಳು ಸಿಗುತ್ತಾನೆ. ಹೆಗಲ ಮೇಲಿನ ಪುಟ್ಟ ಹ್ಯಾಮ್‌ಸ್ಟರ್ ಜೊತೆ ಮಾತಾಡುತ್ತಾ, ನೋಲ್ ಎಂಬ ರಕ್ಕಸರ ಕೋಟೆಯಲ್ಲಿ ಸೆರೆಯಾದ ತನ್ನ ಒಡತಿ ಡೈನಾಹೀರಳನ್ನು ಬಿಡಿಸಿಕೊಡಿ ಎಂದು ಅಂಗಲಾಚುತ್ತಾನೆ. ಅದೇ ಊರಿನ ಇನ್ನೊಂದು ಮೂಲೆಯಲ್ಲಿ ಕೆಂಪು ನಿಲುವಂಗಿಯ ಎಡ್ವಿನ್ ನಿಂತಿದ್ದಾನೆ. ಅವನಿಗೆ ಅದೇ ಡೈನಾಹೀರ್ ಸಾಯಬೇಕು. ಅಂಕದ ದೃಷ್ಟಿಯಿಂದ ಎಡ್ವಿನ್‌ನಂಥ ಮಾಂತ್ರಿಕ ಆಟದಲ್ಲಿ ಇನ್ನೊಬ್ಬನಿಲ್ಲ. ಯಾರಿಗೆ ಮಾತು ಕೊಡುತ್ತೀರಿ? ಮಿನ್ಸ್ಕ್‌ಗೆ ಕೊಟ್ಟು ತಡ ಮಾಡಿದಿರೋ, ಅವನ ತಾಳ್ಮೆ ಕೆಟ್ಟು ನಿಮ್ಮ ಮೇಲೆಯೇ ತಿರುಗುತ್ತಾನೆ.

ಖಾಲಿದ್ ಮತ್ತು ಜಹೀರಾ ಗಂಡ ಹೆಂಡತಿ. ಒಬ್ಬರನ್ನು ಸಾಕು ಎಂದು ಕಳಿಸಿದರೆ ಇನ್ನೊಬ್ಬರೂ ಗಂಟುಮೂಟೆ ಕಟ್ಟುತ್ತಾರೆ. ಖಾಲಿದ್ ತೊದಲುತ್ತಾನೆ, ಹೆದರುತ್ತಾನೆ, ಆದರೂ ಮುಂಚೂಣಿಯಲ್ಲಿ ನಿಲ್ಲುತ್ತಾನೆ. ಚಿಕ್ಕವರಿದ್ದಾಗ ಅವನನ್ನು ಹೇಡಿ ಎನ್ನುತ್ತಿದ್ದೆವು. ಹೆದರಿಕೆ ಇಟ್ಟುಕೊಂಡೂ ಜಾಗ ಬಿಟ್ಟು ಓಡದವನ ಬೆಲೆ ಸಂಸಾರ ಹೂಡಿದ ಮೇಲೆ ತಿಳಿಯುತ್ತದೆ. ಇನ್ನು ವಿಕೋನಿಯಾ. ಹುಟ್ಟಿದ ಕುಲದ ಕಾರಣಕ್ಕೇ ಅವಳನ್ನು ಕೊಲ್ಲಲು ಕಾವಲುಗಾರ ಬೆನ್ನಟ್ಟಿ ಬರುತ್ತಾನೆ. ಅವಳನ್ನು ತಂಡಕ್ಕೆ ಸೇರಿಸಿಕೊಂಡರೆ ಊರಲ್ಲಿ ನಿಮ್ಮ ಹೆಸರು ಕೆಡುತ್ತದೆ, ಹೆಸರು ಕೆಟ್ಟವರಿಗೆ ಅಂಗಡಿಯವರು ಸಾಮಾನಿನ ಬೆಲೆ ಏರಿಸುತ್ತಾರೆ. ಅದೇ ನೀವು ಸಿಕ್ಕಾಪಟ್ಟೆ ಒಳ್ಳೆಯವರೆಂದು ಹೆಸರು ಮಾಡಿದರೆ ಎಡ್ವಿನ್‌ನಂಥವರು ಗೊಣಗಿ ಗೊಣಗಿ ಒಂದು ದಿನ ಬಿಟ್ಟೇ ಹೋಗುತ್ತಾರೆ. ಎಲ್ಲರನ್ನೂ ಸಂಭಾಳಿಸಿಕೊಂಡು ಹೋಗುವುದು ಡ್ರ್ಯಾಗನ್ ಕೊಲ್ಲುವುದಕ್ಕಿಂತ ಕಷ್ಟದ ಕೆಲಸ, ಮತ್ತು ನನ್ನ ಮಟ್ಟಿಗೆ ಆಟದ ಜೀವಾಳವೇ ಅದು.

ಈ ತಂಡದ ಸುಖಕ್ಕಾಗಿ ಮರಳಿ ಬರುವವರು ಕಡಿಮೆಯೇನಿಲ್ಲ. 2012ರಲ್ಲಿ ಅಬ್ಸಿಡಿಯನ್ ಕಂಪನಿ, ಹಳೇ ಮಾದರಿಯ ಆರ್‌ಪಿಜಿ ಮಾಡುತ್ತೇವೆ, ನೀವೇ ದುಡ್ಡು ಹಾಕಿ ಎಂದು ಕಿಕ್‌ಸ್ಟಾರ್ಟರ್‌ನಲ್ಲಿ ಆಟಗಾರರನ್ನು ಕೇಳಿತು. ಕೇಳಿದ್ದು 11 ಲಕ್ಷ ಡಾಲರ್, 70 ಸಾವಿರಕ್ಕೂ ಹೆಚ್ಚು ಜನ ಸೇರಿ ಕೊಟ್ಟಿದ್ದು ಸುಮಾರು 40 ಲಕ್ಷ. 2015ರಲ್ಲಿ ಬಂದ ‘ಪಿಲ್ಲರ್ಸ್ ಆಫ್ ಎಟರ್ನಿಟಿ’ ಹುಟ್ಟಿದ್ದು ಹಾಗೆ. 2023ರ ‘ಬಾಲ್ಡರ್ಸ್ ಗೇಟ್ 3’ ಆ ವರ್ಷದ ಶ್ರೇಷ್ಠ ಆಟದ ಪ್ರಶಸ್ತಿಯನ್ನೇ ಗೆದ್ದಿತು.

ತಪ್ಪು ಕಲ್ಪನೆ: ಇದೂ ಒಂದು ಚಟ

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ 2022ರಿಂದ ಗೇಮಿಂಗ್ ಡಿಸಾರ್ಡರ್ ಇದೆ. ಆಡುವುದರ ಮೇಲೆ ಹತೋಟಿ ತಪ್ಪಿ, ಬೇರೆಲ್ಲ ಕೆಲಸ ಬಿಟ್ಟು, ನಷ್ಟವಾದರೂ ನಿಲ್ಲಿಸಲಾಗದ ಸ್ಥಿತಿ ಸಾಮಾನ್ಯವಾಗಿ ವರ್ಷವಿಡೀ ಇದ್ದರೆ ಅದು ರೋಗ. ಯಾವ ಆಟದಿಂದಲೂ ಆ ಸ್ಥಿತಿ ಬರಬಹುದು, ಇದರಿಂದಲೂ. ಆದರೆ ಈ ಆಟಗಳಿಗೆ ಕೊನೆಯ ಅಧ್ಯಾಯವಿದೆ. ದಿನಾ ಬಂದು ಬಹುಮಾನ ಒಯ್ಯಿರಿ ಎಂದು ಅವು ಕರೆಯುವುದಿಲ್ಲ. ವಾರ ಬಿಟ್ಟು ಬಂದರೂ ಖಾಲಿದ್ ನಿಲ್ಲಿಸಿದಲ್ಲೇ ನಿಂತಿರುತ್ತಾನೆ.

ತಪ್ಪು ಕಲ್ಪನೆ: ಇದೆಲ್ಲಾ ಪರದೇಶದ್ದು, ನಮಗೇನು ಸಂಬಂಧ?

ಡ್ರ್ಯಾಗನ್, ಎಲ್ಫ್ ನಮ್ಮವಲ್ಲ, ಒಪ್ಪಿದೆ. ಕೊಡುಕೊಳು ಮಾತ್ರ ಮುಂಚಿನಿಂದಲೂ ಇದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನವರು 1977ರ ತಮ್ಮ ‘ಮಾನ್‌ಸ್ಟರ್ ಮ್ಯಾನ್ಯುಯಲ್’ ಪುಸ್ತಕದಲ್ಲಿ ನಮ್ಮ ರಾಕ್ಷಸನಿಗೆ ಹುಲಿಯ ತಲೆ ಅಂಟಿಸಿ, ಕೈಗೆ ಹೊಗೆಸೊಪ್ಪಿನ ಪೈಪ್ ಕೊಟ್ಟು ಕೂರಿಸಿದ್ದಾರೆ.

ಪಾತ್ರ ಹಾಕುವುದಂತೂ ಈ ಸೀಮೆಗೆ ಹೊಸತಲ್ಲ. ದೊಡ್ಡಾಟದಲ್ಲಿ ಹಗಲೆಲ್ಲಾ ಹೊಲದಲ್ಲಿ ದುಡಿದವನೇ ತಿಂಗಳುಗಟ್ಟಲೆ ತಾಲೀಮು ಮಾಡಿ ರಾತ್ರಿ ಭುಜಕೀರ್ತಿ ಕಟ್ಟಿ ರಾಜನಾಗುತ್ತಾನೆ. ಪಾತ್ರ ರಂಗಕ್ಕೆ ಬಂದೊಡನೆ ನೀನು ಯಾರು, ಯಾವ ಊರು, ಬಂದ ಕಾರಣವೇನು ಎಂದು ಸಾರಥಿ ಕೇಳುತ್ತಾನೆ. ಆಟ ಶುರುವಾಗುವ ಮುಂಚೆ ಕಂಪ್ಯೂಟರ್ ಕೇಳುವುದೂ ಇವೇ ಪ್ರಶ್ನೆ. ಕೊಪ್ಪಳ ತಾಲ್ಲೂಕಿನ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೆರೆಯ ಮೇಲೆ ಚಿತ್ರ ಕುಣಿಸಿ, ಒಬ್ಬೊಬ್ಬರಿಗೆ ಒಂದೊಂದು ದನಿ ಕೊಟ್ಟು, ರಾಮಾಯಣ ಮಹಾಭಾರತ ಹೇಳುವ ಕಲೆ ಅವರದು.

ಎಲ್ಲಕ್ಕಿಂತ ಹೆಚ್ಚಾಗಿ, ತಂಡ ಕಟ್ಟಿಕೊಂಡು ಹುಡುಕಾಟಕ್ಕೆ ಹೊರಡುವ ಕತೆಗಳಲ್ಲಿ ತೀರ ಸೊಗಸಾದ ಒಂದು ನಮ್ಮ ಜಿಲ್ಲೆಯ ನೆಲಕ್ಕೇ ಅಂಟಿಕೊಂಡಿದೆ. ಗಂಗಾವತಿ ತಾಲ್ಲೂಕಿನ ಆನೆಗೊಂದಿಯನ್ನು ಜನ ಕಿಷ್ಕಿಂಧೆ ಎಂದು ನಂಬುತ್ತಾರೆ. ವಾಲ್ಮೀಕಿಯ ಕಿಷ್ಕಿಂಧಾ ಕಾಂಡದಲ್ಲಿ ಸೀತೆಯನ್ನು ಹುಡುಕಲು ಸುಗ್ರೀವ ದಕ್ಷಿಣಕ್ಕೆ ಕಳಿಸುವ ತಂಡಕ್ಕೆ ಅಂಗದ ನಾಯಕ, ಜೊತೆಗೆ ಹನುಮ, ಜಾಂಬವ, ನೀಲ ಮೊದಲಾದವರು. ಗಡುವು ಒಂದು ತಿಂಗಳು. ಸ್ವಯಂಪ್ರಭೆಯ ಗುಹೆಯಲ್ಲಿ ಸಿಕ್ಕಿಕೊಂಡು ಗಡುವು ಮೀರಿಹೋಗುತ್ತದೆ. ಬರಿಗೈಲಿ ಮರಳಿದರೆ ಸುಗ್ರೀವ ಉಳಿಸುವುದಿಲ್ಲ ಎಂದು ಅಂಗದ ಉಪವಾಸ ಬಿದ್ದು ಸಾಯಲು ಕೂರುತ್ತಾನೆ. ಅಷ್ಟರಲ್ಲಿ ರೆಕ್ಕೆ ಸುಟ್ಟ ಮುದಿ ಹದ್ದು ಸಂಪಾತಿಯಿಂದ ಸುಳಿವು ಸಿಗುತ್ತದೆ. ಕಡಲು ದಾಟುವವರು ಯಾರು? ಒಬ್ಬೊಬ್ಬರಾಗಿ ತಮ್ಮ ಬಲದ ಅಂಕ ಹೇಳುತ್ತಾರೆ. ಗಜ ಹತ್ತು ಯೋಜನ, ಗವಾಕ್ಷ ಇಪ್ಪತ್ತು, ಹೀಗೆ ಏರುತ್ತಾ ಮುದುಕ ಜಾಂಬವ ತೊಂಬತ್ತು. ಅಂಗದ ನೂರು ಹಾರಬಲ್ಲ, ವಾಪಸು ಬರುವುದೇ ಸಂಶಯ. ಎಲ್ಲರಿಗಿಂತ ಬಲಶಾಲಿಯಾದ ಹನುಮ ಪಕ್ಕದಲ್ಲಿ ಸುಮ್ಮನೆ ಕೂತಿದ್ದಾನೆ. ಅವನ ಬಲವನ್ನು ಅವನಿಗೆ ನೆನಪಿಸುವುದು ಜಾಂಬವನ ಕೆಲಸ. ಗಡುವು, ನಾಯಕನ ಅಂಜಿಕೆ, ಪ್ರತಿಯೊಬ್ಬನ ಅಂಕ, ಮಾತಿನಿಂದ ತೆರೆದುಕೊಳ್ಳುವ ಶಕ್ತಿ, ಎಲ್ಲವೂ ಇಲ್ಲಿವೆ. ಆರ್‌ಪಿಜಿ ಬರೆಯುವವನಿಗೆ ಇದಕ್ಕಿಂತ ಇನ್ನೇನು ಬೇಕು?

ಭಾರತದ ಹಿನ್ನೆಲೆಯಲ್ಲಿ ಪ್ರಯತ್ನಗಳು ಆಗಿಲ್ಲವೆಂದಲ್ಲ. ನಮ್ಮ ದೇಶದ್ದೇ ಆದ ಪೈರೊಡ್ಯಾಕ್ಟಿಲ್ ಸಂಸ್ಥೆ 2014ರಲ್ಲಿ ತಂದ ‘ಅನ್‌ರೆಸ್ಟ್’ ಬರಗಾಲ ಬಿದ್ದ ಒಂದು ಪ್ರಾಚೀನ ನಗರದ ಕತೆ, ಅದರಲ್ಲಿ ಕಾದಾಟಕ್ಕಿಂತ ಮಾತುಕತೆಯೇ ಹೆಚ್ಚು. ಪುಣೆಯವರು 2020ರಲ್ಲಿ ‘ರಾಜಿ’ ಮಾಡಿದರು, ಅದು ತಂಡದ ಆಟವಲ್ಲ.

ತಪ್ಪು ಕಲ್ಪನೆ: ಇಂಗ್ಲಿಷ್ ಬಂದವರ ಆಟ, ಕನ್ನಡದಲ್ಲಿ ಆಗುವಂಥದ್ದಲ್ಲ

ಇದರ ಮೊದಲರ್ಧ ಇವತ್ತಿಗೆ ನಿಜ, ಅದೇ ನನಗೆ ನೋವು. ಇವು ಓದುವ ಆಟಗಳು. 1999ರ ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’ನಲ್ಲಿ ಸುಮಾರು ಎಂಟು ಲಕ್ಷ ಪದಗಳಿವೆ ಎನ್ನುತ್ತಾರೆ. ಬಾಲ್ಡರ್ಸ್ ಗೇಟ್ 3 ಟರ್ಕಿಷ್, ಉಕ್ರೇನಿಯನ್, ಕೊರಿಯನ್ ಸೇರಿ ಹತ್ತಾರು ಭಾಷೆಗಳಲ್ಲಿದೆ. ಭಾರತದ ಒಂದು ಭಾಷೆಯೂ ಅದರಲ್ಲಿಲ್ಲ.

ಎರಡನೆಯ ಅರ್ಧ ಸುಳ್ಳು. ಪೋಲೆಂಡನ್ನು ನೋಡಿ. ಅಲ್ಲಿನ ಸಿಡಿ ಪ್ರಾಜೆಕ್ಟ್ ಆಗ ಬೇರೆಯವರ ಆಟಗಳನ್ನು ತಂದು ಮಾರುವ ಸಂಸ್ಥೆ. 1999ರಲ್ಲಿ ಅದು ಬಾಲ್ಡರ್ಸ್ ಗೇಟ್ ಅನ್ನು ಪೂರ್ತಿ ಪೋಲಿಷ್‌ಗೆ ತಂದು, ಹೆಸರಾಂತ ನಟರಿಂದ ದನಿ ಕೊಡಿಸಿತು. ಆಟ ಭರ್ಜರಿಯಾಗಿ ಮಾರಾಟವಾಯಿತು. ಅದೇ ಸಂಸ್ಥೆ ಮುಂದೆ ತಮ್ಮದೇ ದೇಶದ ಲೇಖಕ ಸಪ್ಕೋವ್‌ಸ್ಕಿಯ ಕತೆಗಳನ್ನು ಆಧರಿಸಿ 2007ರಲ್ಲಿ ‘ದಿ ವಿಚರ್’ ಮಾಡಿ ಜಗತ್ತಿಗೇ ಮಾರಿತು.

ಬಾಲ್ಡರ್ಸ್ ಗೇಟ್‌ನ ಅಷ್ಟೂ ಮಾತು ಒಂದೇ ಫೈಲಿನಲ್ಲಿ ನಂಬರು ಹಾಕಿ ಸಾಲಾಗಿ ಇಟ್ಟಿರುತ್ತದೆ, ಅನುವಾದಿಸುವವರು ಮುಖ್ಯವಾಗಿ ಬದಲಿಸಬೇಕಾದದ್ದು ಅದನ್ನು. ಕನ್ನಡಕ್ಕೆ ಅಡ್ಡಿಯಾಗುವುದು ಅಕ್ಷರ. ಮೂಲ ಆಟ ಒಂದೊಂದು ಅಕ್ಷರವನ್ನು ಒಂದೊಂದು ಚಿತ್ರವಾಗಿ ಪಕ್ಕಪಕ್ಕ ಜೋಡಿಸುತ್ತದೆ, ಒತ್ತಕ್ಷರ ಕೆಳಗಿಳಿದು ಕೂರುವುದು ಅದಕ್ಕೆ ಗೊತ್ತಿಲ್ಲ. 2023ರಲ್ಲಿ ಬಂದ ಗೋಡೋ 4 ಎಂಬ, ಆಟ ಕಟ್ಟುವ ಉಚಿತ ತಂತ್ರಾಂಶದಲ್ಲಿ ಈ ತೊಡಕಿಲ್ಲ, ಕನ್ನಡದಂಥ ಲಿಪಿಗಳನ್ನು ಜೋಡಿಸುವ ಏರ್ಪಾಡು ಅದರಲ್ಲಿ ಮೊದಲೇ ಇದೆ. ಆದ್ದರಿಂದ ಹಳೇ ಆಟವನ್ನು ಕನ್ನಡಕ್ಕೆ ತರುವುದಕ್ಕಿಂತ ಹೊಸದೊಂದನ್ನು ಕನ್ನಡದಲ್ಲೇ ಕಟ್ಟುವುದು ಸುಲಭವಾದೀತು ಎಂಬುದು ನನ್ನ ಎಣಿಕೆ. ಪ್ರೋಗ್ರಾಂ ಬರೆಯುವ ಹುಡುಗ ಹುಡುಗಿಯರು ನಮ್ಮ ಜಿಲ್ಲೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲೇ ಇದ್ದಾರೆ. ಮುಖ, ಕಿರೀಟ, ಬಣ್ಣಗಳಿಗೆ ಕಿನ್ನಾಳದ ಚಿತ್ರಗಾರರಿದ್ದಾರೆ. ದನಿ ಕೊಡಲು ದೊಡ್ಡಾಟದ ಮಾಸ್ತರರಿದ್ದಾರೆ. ಇನ್ನು ಬೇಕಾದವರು ಬರಹಗಾರರು. ಕಡಲ ದಂಡೆಯಲ್ಲಿ ಉಪವಾಸ ಕೂತ ಅಂಗದನಿಗೆ ಆಟಗಾರ ಹೇಳಬಹುದಾದ ನಾಲ್ಕು ಬೇರೆ ಬೇರೆ ಮಾತು, ಆ ನಾಲ್ಕಕ್ಕೂ ಅಂಗದ ಕೊಡುವ ಉತ್ತರ, ಇಷ್ಟನ್ನು ಬರೆದು ಕೊಟ್ಟರೆ ಮೊದಲ ದೃಶ್ಯದ ಕೆಲಸ ಶುರುಮಾಡಬಹುದು.