ತೆರಿಗೆ ನಿಯಮಗಳ ಮಾರ್ಪಾಡೂ ಸ್ವತಂತ್ರ ಗುತ್ತಿಗೆದಾರರ ಮತದಾನವೂ: ಅತ್ತಿಬೆಲೆ ಸೀಮೆಯನ್ನು ಕುರಿತು ಒಂದು ವಿಚಾರ

ತೆರಿಗೆಗೂ ಪ್ರಜೆಗಳ ರಾಜನಿಷ್ಠೆಗೂ ಇರುವ ಸಂಬಂಧ ಹೊಸದಲ್ಲ. ವಿಜಯನಗರದ ಸದಾಶಿವರಾಯನ ಕಾಲದಲ್ಲಿ, ೧೬ನೆಯ ಶತಮಾನದ ನಡುವೆ, ಅಳಿಯ ರಾಮರಾಜನು ಕ್ಷೌರಿಕರ ಮೇಲಿನ ತೆರಿಗೆಗಳನ್ನು ಬಿಟ್ಟುಕೊಟ್ಟ ಸಂಗತಿಯನ್ನು ಹಲವು ಶಾಸನಗಳು ತಿಳಿಸುತ್ತವೆ. ತಮ್ಮದೇ ಹತಾರಗಳಿಂದ, ಯಾರ ಸಂಬಳಕ್ಕೂ ಒಳಪಡದೆ ದುಡಿಯುತ್ತಿದ್ದ ಆ ಕಸುಬುದಾರರಿಗೆ ತೆರಿಗೆ ಬಿಟ್ಟವರು ಯಾರೆಂಬುದು ಸ್ಪಷ್ಟವಾಗಿತ್ತು. ಆ ಹೆಸರು ಕಲ್ಲಿನಲ್ಲಿ ಉಳಿಯಿತು. ಮತದಾನದ ಈ ಯುಗದಲ್ಲಿ ಅಂತಹ ಕಸುಬುದಾರನಿಗೆ ತೆರಿಗೆಯ ಕರ್ತೃ ಅಷ್ಟೇ ಸ್ಪಷ್ಟವಾಗಿ ಕಾಣುವನೇ? ಕಾಣದಿದ್ದಲ್ಲಿ ಅವನ ಮತದ ಗತಿಯೇನು? ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನು ಅತ್ತಿಬೆಲೆಯ ನಿದರ್ಶನದಿಂದ ವಿಚಾರಿಸಲು ನಾವು ಉದ್ದೇಶಿಸಿದ್ದೇವೆ.

ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯು ಹೊಸೂರು ಹೆದ್ದಾರಿಯ ಮೇಲೆ, ತಮಿಳುನಾಡಿನ ಗಡಿಗೆ ತಾಗಿಕೊಂಡಿದೆ. ಬೆಂಗಳೂರಿನ ದಿಕ್ಕಿಗೆ ಬೊಮ್ಮಸಂದ್ರದ ಕಾರ್ಖಾನೆಗಳೂ ಎಲೆಕ್ಟ್ರಾನಿಕ್ ಸಿಟಿಯೂ ಇವೆ. ಈ ಸೀಮೆಯ ಸ್ವತಂತ್ರ ಗುತ್ತಿಗೆದಾರರಲ್ಲಿ ಮೂರು ವರ್ಗಗಳನ್ನು ಗುರುತಿಸಬಹುದು: ದೊಡ್ಡ ಕಾರ್ಖಾನೆಗಳಿಗಾಗಿ ಲೇತ್ ಕೆಲಸ, ಲೇಪನ ಮೊದಲಾದ ಜಾಬ್‌ವರ್ಕ್ ಮಾಡಿಕೊಡುವವರು, ಒಂದೆರಡು ಲಾರಿಗಳ ಒಡೆಯರು, ಒಪ್ಪಂದದ ಮೇಲೆ ಕೆಲಸ ಮಾಡುವ ಗಣಕ ತಂತ್ರಜ್ಞರು.

ಮೊದಲು ಆದಾಯ ತೆರಿಗೆಯನ್ನು ನೋಡೋಣ. ೧೯೬೧ರ ಅಧಿನಿಯಮಕ್ಕೆ ೧೯೭೨ರಲ್ಲಿ ಸೇರಿದ ೧೯೪ಸಿ ಪ್ರಕರಣದ ಪ್ರಕಾರ ಗುತ್ತಿಗೆದಾರನಿಗೆ ಸಲ್ಲುವ ಹಣದಲ್ಲಿ ಒಂದು ಭಾಗವನ್ನು ಕೆಲಸ ಕೊಟ್ಟವನೇ ಮುರಿದುಕೊಂಡು ಸರ್ಕಾರಕ್ಕೆ ಕಟ್ಟತಕ್ಕದ್ದಾಯಿತು. ತತ್ಫಲವಾಗಿ ಗುತ್ತಿಗೆದಾರನ ಕಣ್ಣಿಗೆ ಹಣ ಹಿಡಿದವನು ಕಾರ್ಖಾನೆಯ ಲೆಕ್ಕಿಗನೇ ಹೊರತು ಸಂಸತ್ತಲ್ಲ. ಸೌಲಭ್ಯಗಳ ವಿಷಯವೂ ಹೀಗೆಯೇ. ೨೦೧೬ರ ಹಣಕಾಸು ಅಧಿನಿಯಮವು ತಾಂತ್ರಿಕ ಸಲಹೆ ಮೊದಲಾದ ವೃತ್ತಿಗಳವರಿಗೆ, ಒಟ್ಟು ಪ್ರಾಪ್ತಿ ೫೦ ಲಕ್ಷ ರೂಪಾಯಿ ಮೀರದಿದ್ದರೆ, ಅದರ ಅರ್ಧವನ್ನೇ ಆದಾಯವೆಂದು ತೋರಿಸಿ ವಿವರವಾದ ಲೆಕ್ಕಪುಸ್ತಕಗಳಿಂದ ಪಾರಾಗುವ ಅವಕಾಶವಿತ್ತಿತು. ೨೦೨೩ರಲ್ಲಿ, ನಗದು ಪ್ರಾಪ್ತಿ ಶೇಕಡಾ ೫ನ್ನು ಮೀರದವರಿಗೆ, ಈ ಮಿತಿ ೭೫ ಲಕ್ಷಕ್ಕೇರಿತು. ಇದು ಸಣ್ಣ ಉಪಕಾರವಲ್ಲ. ಆದರೆ ಅದು ಸಾಮಾನ್ಯವಾಗಿ ಲೆಕ್ಕಪರಿಶೋಧಕನ ಮೂಲಕ ತಿಳಿದುಬರುವುದರಿಂದ ಅದರ ಕೀರ್ತಿಯೂ ಅವನಿಗೇ ಸಲ್ಲುವ ಸಂಭವವುಂಟು.

೨೦೧೭ರ ಜುಲೈ ೧ರಂದು ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯು ಇನ್ನೂ ಆಳವಾಗಿ ತಾಗಿತು. ಅದಕ್ಕೆ ಮುಂಚೆ ವಾರ್ಷಿಕ ವಹಿವಾಟು ೧.೫ ಕೋಟಿ ರೂಪಾಯಿವರೆಗಿನ ಸಣ್ಣ ತಯಾರಕರಿಗೆ ಕೇಂದ್ರದ ಉತ್ಪಾದನಾ ಸುಂಕದಿಂದ ವಿನಾಯಿತಿ ಇತ್ತು. ಹೊಸ ಪದ್ಧತಿಯಲ್ಲಿ ನೋಂದಣಿಯ ಮಿತಿ ೨೦ ಲಕ್ಷಕ್ಕಿಳಿಯಿತು. ೨೦೧೯ರ ಏಪ್ರಿಲಿನಿಂದ ಸರಕು ಮಾರುವವರಿಗೆ ಅದನ್ನು ೪೦ ಲಕ್ಷಕ್ಕೇರಿಸಿದರೂ, ಸೇವೆಯೆಂದು ಎಣಿಸಲ್ಪಡುವ ಜಾಬ್‌ವರ್ಕಿಗೆ ೨೦ ಲಕ್ಷವೇ ಉಳಿಯಿತು. ಗಡಿಯೂರಾದ ಅತ್ತಿಬೆಲೆಗೆ ಇನ್ನೊಂದು ತೊಡಕೂ ಒದಗಿತ್ತು. ಮೊದಲ ತಿಂಗಳುಗಳಲ್ಲಿ ಅಂತರರಾಜ್ಯ ಸೇವೆ ಸಲ್ಲಿಸುವವನು, ವಹಿವಾಟು ಎಷ್ಟೇ ಅಲ್ಪವಾಗಿರಲಿ, ನೋಂದಾಯಿಸಿಕೊಳ್ಳಲೇಬೇಕಿತ್ತು. ಕೆಲವೇ ಮೈಲಿ ದೂರದ ಹೊಸೂರಿನಿಂದ ಕೆಲಸ ತಂದುಕೊಳ್ಳುವವನೂ ಈ ನಿಯಮಕ್ಕೊಳಪಟ್ಟನು. ಸೆಪ್ಟೆಂಬರಿನಲ್ಲಿ ಜಾಬ್‌ವರ್ಕಿನವರನ್ನು ಇದರಿಂದ ಬಿಡಲಾಯಿತು. ದರವೂ ಸ್ಥಿರವಾಗಿ ನಿಲ್ಲಲಿಲ್ಲ: ಯಂತ್ರಕೆಲಸದ ಬಹುಪಾಲು ಜಾಬ್‌ವರ್ಕಿನ ದರ ೨೦೧೯ರ ಅಕ್ಟೋಬರಿನಲ್ಲಿ ಶೇಕಡಾ ೧೮ರಿಂದ ೧೨ಕ್ಕಿಳಿದು, ೨೦೨೫ರ ಸೆಪ್ಟೆಂಬರ್ ೨೨ರಂದು ಪುನಃ ೧೮ಕ್ಕೇರಿತು. ಅನೇಕ ಗೃಹೋಪಯೋಗಿ ವಸ್ತುಗಳ ತೆರಿಗೆ ಇಳಿದ ದಿನವೂ ಅದೇ ಆಗಿತ್ತೆಂಬುದನ್ನು ವಾಚಕರು ಗಮನಿಸಬೇಕು.

ಲಾರಿಯವರ ಅನುಭವ ಬೇರೆ. ೨೦೧೭ರಲ್ಲಿ ರಾಜ್ಯದ ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟುಗಳು ರದ್ದಾದವು. ಗಡಿಯಲ್ಲಿ ತೆರಿಗೆಯ ಕಾಗದಪತ್ರಗಳಿಗಾಗಿ ಕಾಯುವ ಕಷ್ಟ ಕಳೆಯಿತು. ಇದು ಕಣ್ಣಿಗೆ ಕಾಣುವ ಲಾಭ. ಆದರೆ ಡೀಸೆಲನ್ನು ಹೊಸ ತೆರಿಗೆಯಿಂದ ಹೊರಗಿಟ್ಟ ಕಾರಣ, ಕೇಂದ್ರದ ಸುಂಕವೂ ರಾಜ್ಯದ ಮಾರಾಟ ತೆರಿಗೆಯೂ ಅದರ ಬೆಲೆಯಲ್ಲಿ ಬೆರೆತೇ ಉಳಿದವು.

ಇವೆಲ್ಲ ಮತದಲ್ಲಿ ಹೇಗೆ ಪ್ರತಿಫಲಿಸಿದವು? ಆನೇಕಲ್ ವಿಧಾನಸಭಾ ಕ್ಷೇತ್ರವು ೨೦೧೩, ೨೦೧೮, ೨೦೨೩ ಈ ಮೂರೂ ಚುನಾವಣೆಗಳಲ್ಲಿ ಕಾಂಗ್ರೆಸ್ಸಿನ ಬಿ. ಶಿವಣ್ಣ ಅವರನ್ನೇ ಆರಿಸಿತು. ಆನೇಕಲ್ಲನ್ನೊಳಗೊಂಡ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರವು ೨೦೧೯ರಲ್ಲಿ ಕಾಂಗ್ರೆಸ್ಸಿನ ಡಿ. ಕೆ. ಸುರೇಶ್ ಅವರನ್ನೂ ೨೦೨೪ರಲ್ಲಿ ಭಾರತೀಯ ಜನತಾ ಪಕ್ಷದ ಡಾ. ಸಿ. ಎನ್. ಮಂಜುನಾಥ್ ಅವರನ್ನೂ ಗೆಲ್ಲಿಸಿತು. ೨೦೧೯ರ ಫಲವನ್ನು ಹೊಸ ತೆರಿಗೆಯ ಮೇಲಿನ ಕೋಪವೆಂದು ಓದುವ ಆಸೆ ಯಾರಿಗಾದರೂ ಆದೀತು. ಆದರೆ ಅದೇ ತೆರಿಗೆಯನ್ನು, ಅದೇ ಬಗೆಯ ಸಣ್ಣ ಘಟಕಗಳಲ್ಲಿ ಹೊತ್ತ ಪೀಣ್ಯವಿರುವ ಬೆಂಗಳೂರು ಉತ್ತರ ಕ್ಷೇತ್ರವು ಅದೇ ವರ್ಷ ಭಾರತೀಯ ಜನತಾ ಪಕ್ಷದ ಡಿ. ವಿ. ಸದಾನಂದ ಗೌಡರನ್ನು ಆರಿಸಿತು. ಒಂದೇ ಕಾರಣದಿಂದ ಎರಡು ವಿರುದ್ಧ ಫಲಗಳನ್ನು ವಿವರಿಸಲಾಗದು. ಮೇಲಾಗಿ, ಕ್ಷೇತ್ರದ ಫಲವು ಗುತ್ತಿಗೆದಾರರ ಫಲವಲ್ಲ, ಮತವು ಗುಪ್ತ, ಹೊರಗಿನಿಂದ ಬಂದು ಇಲ್ಲಿ ತೆರಿಗೆ ಕಟ್ಟುವವನ ಹೆಸರು ಹುಟ್ಟೂರಿನ ಮತದಾರರ ಪಟ್ಟಿಯಲ್ಲೇ ಇರಬಹುದು.

ಆದಕಾರಣ ತೆರಿಗೆಯ ಭಾರಕ್ಕಿಂತ ಅದರ ಹೊಣೆ ಯಾರ ತಲೆಗೆ ಬರುತ್ತದೆಂಬುದೇ ಹೆಚ್ಚು ವಿಚಾರಾರ್ಹ. ೨೦೨೫ರ ಜುಲೈ ತಿಂಗಳಲ್ಲಿ ಇದಕ್ಕೊಂದು ನಿದರ್ಶನ ದೊರೆಯಿತು. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿತು. ಹಲವರು ಅಂಗಡಿಯ ಕ್ಯೂಆರ್ ಫಲಕ ತೆಗೆದು ನಗದನ್ನೇ ಕೇಳತೊಡಗಿದರು. ರಾಜ್ಯದ ಆಳುವ ಪಕ್ಷ ಕೇಂದ್ರದ ಕಡೆಗೆ ಬೆರಳು ತೋರಿತು. ಪ್ರತಿಪಕ್ಷ ರಾಜ್ಯದ ಕಡೆಗೆ ತೋರಿತು. ಎರಡು ಮಾತಿಗೂ ಆಧಾರವಿಲ್ಲದಿರಲಿಲ್ಲ. ತೆರಿಗೆಯ ದರ, ಮಿತಿಗಳನ್ನು ಶಿಫಾರಸು ಮಾಡುವ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೆಯ ಒಂದು, ರಾಜ್ಯಗಳ ಮತಗಳಿಗೆ ಮೂರನೆಯ ಎರಡು ತೂಕವಿದ್ದು, ನಿರ್ಣಯಕ್ಕೆ ನಾಲ್ಕನೆಯ ಮೂರರ ಬಹುಮತ ಬೇಕು. ಎಲ್ಲರೂ ಕೂಡಿ ಮಾಡಿದ್ದರ ಹೊಣೆ ಯಾರೊಬ್ಬರದೂ ಆಗುವುದಿಲ್ಲ. ಇಂತಹ ಎಡೆಯಲ್ಲಿ ಮತದಾರನು ತಾನು ಮೊದಲೇ ನಂಬಿದ ಪಕ್ಷದ ವಿವರಣೆಯನ್ನೇ ಒಪ್ಪಿಕೊಳ್ಳುವುದು ಸಹಜ. ಆಗ ತೆರಿಗೆಯು ಅವನ ಮತವನ್ನು ಬದಲಿಸುವ ಬದಲು ಇದ್ದ ಒಲವನ್ನೇ ಗಟ್ಟಿಗೊಳಿಸುತ್ತದೆ.

ಇದಕ್ಕೆ ಭಿನ್ನವಾದ ಸ್ಥಿತಿಯನ್ನು ಬ್ರಿಟನ್ನಿನಲ್ಲಿ ಕಾಣಬಹುದು. ಹೆಸರಿಗೆ ಗುತ್ತಿಗೆದಾರನಾಗಿದ್ದು ನೌಕರನಂತೆಯೇ ದುಡಿಯುವವನಿಗೆ ನೌಕರನ ತೆರಿಗೆಯನ್ನೇ ಹಾಕುವ ‘ಐಆರ್ ೩೫’ ಎಂಬ ನಿಯಮ ಅಲ್ಲಿ ೨೦೦೦ದಲ್ಲಿ ಬಂದಿತು. ಅದನ್ನು ಖಾಸಗಿ ಸಂಸ್ಥೆಗಳಲ್ಲಿ ಬಿಗಿಗೊಳಿಸಲು ಹೊರಟಿದ್ದ ಆಳುವ ಪಕ್ಷವೇ ೨೦೧೯ರ ಚುನಾವಣೆಯ ವೇಳೆ ಮರುಪರಿಶೀಲನೆಯ ಭರವಸೆ ಕೊಡಬೇಕಾಯಿತು. ೨೦೨೧ರಲ್ಲಿ ಆ ಬಿಗಿ ಬಂದದ್ದೂ ನಿಜ. ೨೦೨೨ರಲ್ಲಿ ಅದನ್ನು ತೆಗೆಯುವುದಾಗಿ ಘೋಷಿಸಿ, ಒಂದು ತಿಂಗಳೊಳಗೆ ಆ ಘೋಷಣೆಯನ್ನೇ ಹಿಂತೆಗೆದುಕೊಂಡದ್ದೂ ನಿಜ. ಗುತ್ತಿಗೆದಾರರು ಬಯಸಿದ್ದು ದೊರೆಯಲಿಲ್ಲ. ಆದರೂ ನಿಯಮಕ್ಕೊಂದು ಹೆಸರೂ ಒಬ್ಬನೇ ಕರ್ತೃವೂ ಇದ್ದುದರಿಂದ ಪಕ್ಷಗಳು ಮತದಾನಕ್ಕೆ ಮುಂಚೆಯೇ ಉತ್ತರ ಹೇಳಬೇಕಾಯಿತು.

ಮೇಲಿನ ವಿವೇಚನೆಯಿಂದ ನಮಗೆ ತೋರುವುದಿಷ್ಟು. ತೆರಿಗೆಯ ಮಾರ್ಪಾಡು ಮತಕ್ಕೆ ತಲುಪಬೇಕಾದರೆ ತೆರಿಗೆ ಕಟ್ಟುವವನಿಗೆ ಅದು ಕಾಣಬೇಕು, ಅದನ್ನು ಮಾಡಿದವರು ತಿಳಿಯಬೇಕು, ಒಂದೇ ಕಷ್ಟದವರು ಒಂದು ದನಿಯಾಗಬೇಕು. ಅತ್ತಿಬೆಲೆಯ ಗುತ್ತಿಗೆದಾರನಿಗೆ ಈ ಮೂರೂ ಒಟ್ಟಿಗೆ ಒದಗುವುದು ವಿರಳ. ನಷ್ಟ ಅವನೊಬ್ಬನದಲ್ಲ. ತೆರಿಗೆ ವಿಧಿಸಿದವರನ್ನು ಮತದಿಂದ ವಿಚಾರಿಸುವುದು ಪ್ರಜಾಪ್ರಭುತ್ವದ ಆದ್ಯ ಹಕ್ಕು. ವಿಚಾರಿಸಬೇಕಾದವರೇ ಕಾಣದಿದ್ದಲ್ಲಿ ಆ ಹಕ್ಕು ಕುಂದುತ್ತದೆ. ಈ ಸೀಮೆಯ ಕಾಲೇಜುಗಳ ವಿದ್ಯಾರ್ಥಿಗಳು ಅಧ್ಯಾಪಕರೊಡನೆ ಈ ಘಟಕಗಳಿಗೆ ಹೋಗಿ, ‘ನಿಮ್ಮ ತೆರಿಗೆಯನ್ನು ಯಾರು ಮುರಿದುಕೊಂಡರು, ನಿಯಮ ಮಾಡಿದವರು ಯಾರೆಂದು ತಿಳಿದಿದ್ದೀರಿ, ನಿಮ್ಮ ಮತ ಯಾವ ಊರಿನಲ್ಲಿದೆ’ ಎಂದು ಕೇಳಿ ಬರೆದಿಟ್ಟರೆ, ಚುನಾವಣೆಯ ಅಂಕಿ-ಅಂಶಗಳು ಹೇಳಲಾರದ ಇತಿಹಾಸದ ಸಾಮಗ್ರಿ ಸಿದ್ಧವಾದೀತು.