ಭಾರತದಲ್ಲಿ ಜಾಗತಿಕ ತಂಪು ಪಾನೀಯ ಬ್ರ್ಯಾಂಡ್‌ಗಳು

ಒಂದೇ ಹೆಸರು ಮತ್ತು ಚಿಹ್ನೆಯೊಂದಿಗೆ ಹಲವು ದೇಶಗಳಲ್ಲಿ ಮಾರಾಟವಾಗುವ ಸರಕಿನ ಗುರುತನ್ನು ಜಾಗತಿಕ ಬ್ರ್ಯಾಂಡ್ ಎನ್ನುತ್ತಾರೆ. ಇಂತಹ ಬ್ರ್ಯಾಂಡ್‌ಗಳು ಜನರ ನಿತ್ಯಜೀವನವನ್ನು ಪ್ರವೇಶಿಸುವ ಬಗೆಗೆ ಭಾರತದ ತಂಪು ಪಾನೀಯಗಳ ಇತಿಹಾಸವು ಉತ್ತಮ ನಿದರ್ಶನವಾಗಿದೆ.

ಸ್ವರೂಪ
ಅಪ್ಪಟ ದೇಸಿ ಎನಿಸುವ ಗೋಲಿ ಸೋಡಾದ ಬಾಟಲಿಯೂ ಹೊರಗಿನಿಂದ ಬಂದದ್ದೇ. ಅದನ್ನು 1870ರ ದಶಕದಲ್ಲಿ ರೂಪಿಸಿದವನು ಇಂಗ್ಲೆಂಡಿನ ಹೈರಮ್ ಕಾಡ್. ಆದರೆ ಊರೂರಿನ ಸಣ್ಣ ತಯಾರಕರು ಅದನ್ನು ತಮ್ಮದಾಗಿಸಿಕೊಂಡರು. ಜಾಗತಿಕ ಬ್ರ್ಯಾಂಡಿನ ರೀತಿ ಬೇರೆ. ಅದರಲ್ಲಿ ನೀರು ಮತ್ತು ದುಡಿಮೆ ಸ್ಥಳೀಯವಾದರೂ ಹೆಸರು ಮತ್ತು ಪಾನೀಯದ ಮೂಲಸಾರದ ಸೂತ್ರ ಮಾತ್ರ ಮೂಲ ಕಂಪನಿಯ ಸ್ವತ್ತಾಗಿಯೇ ಉಳಿಯುತ್ತವೆ. ಮುಂದಿನ ವಿವಾದಗಳಲ್ಲಿ ಹಲವಕ್ಕೆ ಈ ವ್ಯವಸ್ಥೆಯೇ ಮೂಲ.

ನಿರ್ಗಮನ ಮತ್ತು ಮರುಪ್ರವೇಶ
1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆಯ ಅನ್ವಯ ವಿದೇಶಿ ಕಂಪನಿಗಳು ತಮ್ಮ ಪಾಲನ್ನು ಶೇ. 40ಕ್ಕೆ ಇಳಿಸಬೇಕಾಗಿತ್ತು. ಇದಕ್ಕೆ ಒಪ್ಪದ ಕೋಕಾ-ಕೋಲಾ 1977ರಲ್ಲಿ ಭಾರತವನ್ನು ತೊರೆಯಿತು. ಆಗ ಜಾರ್ಜ್ ಫರ್ನಾಂಡಿಸ್ ಕೇಂದ್ರ ಕೈಗಾರಿಕಾ ಸಚಿವರಾಗಿದ್ದರು. ಅದರ ಬದಲಿಗೆ ಸರ್ಕಾರಿ ಸ್ವಾಮ್ಯದ ಮಾಡರ್ನ್ ಫುಡ್ ಇಂಡಸ್ಟ್ರೀಸ್ ಸಂಸ್ಥೆಯು ‘ಡಬಲ್ ಸೆವೆನ್’ ಎಂಬ ಪಾನೀಯವನ್ನು ಹೊರತಂದಿತು. ಇದರ ಸೂತ್ರ ಸಿದ್ಧವಾದದ್ದು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ. ಅದು ಹೆಚ್ಚು ಕಾಲ ಬಾಳಲಿಲ್ಲ. ಕ್ಯಾಂಪಾ ಕೋಲಾ ಮತ್ತು ಪಾರ್ಲೆ ಕಂಪನಿಯ ಥಮ್ಸ್ ಅಪ್ ಜನಪ್ರಿಯವಾದವು.

1991ರ ಆರ್ಥಿಕ ಉದಾರೀಕರಣದ ನಂತರ, 1993ರಲ್ಲಿ ಕೋಕಾ-ಕೋಲಾ ಮರಳಿ ಬಂದು ಪಾರ್ಲೆಯ ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್ ಮುಂತಾದ ಹೆಸರುಗಳನ್ನೇ ಕೊಂಡುಕೊಂಡಿತು. ಗೋಲ್ಡ್ ಸ್ಪಾಟ್ ಕ್ರಮೇಣ ಮಾರುಕಟ್ಟೆಯಿಂದ ಮರೆಯಾಯಿತು. ಥಮ್ಸ್ ಅಪ್ ಮಾತ್ರ ಗ್ರಾಹಕರ ಒಲವಿನಿಂದ ಉಳಿದುಕೊಂಡಿತು.

ನಿತ್ಯಜೀವನದ ಮೇಲೆ ಪರಿಣಾಮ
ಕಂಪನಿಗಳು ಅಂಗಡಿಗಳಿಗೆ ತಮ್ಮ ಚಿಹ್ನೆಯುಳ್ಳ ಫ್ರಿಜ್‌ಗಳನ್ನು ಒದಗಿಸಿದವು. ಇದರಿಂದ ಅಂಗಡಿಯ ಮುಂಭಾಗದಲ್ಲಿ ಯಾವ ಪಾನೀಯ ಕಾಣಬೇಕೆಂಬುದನ್ನು ಅಂಗಡಿಯವನಿಗಿಂತ ಹೆಚ್ಚಾಗಿ ಕಂಪನಿಯೇ ನಿರ್ಧರಿಸುವಂತಾಯಿತು. 2000ದ ದಶಕದ ಆರಂಭದಲ್ಲಿ 200 ಮಿ.ಲೀ. ಬಾಟಲಿಯನ್ನು 5 ರೂಪಾಯಿಗೆ ಮಾರಿದ್ದರಿಂದ ಗ್ರಾಮೀಣ ಕೊಳ್ಳುಗರೂ ಇದರ ವ್ಯಾಪ್ತಿಗೆ ಬಂದರು. ತಂಪು ಪಾನೀಯಕ್ಕೆ ಹಿಂದಿಯಲ್ಲಿ ಬಳಸುವ ‘ಠಂಡಾ’ ಎಂಬ ಸಾಮಾನ್ಯ ಪದಕ್ಕೆ ಬ್ರ್ಯಾಂಡಿನ ಹೆಸರೇ ಅರ್ಥವೆಂದು ಜಾಹೀರಾತುಗಳು ಸಾರಿದವು. ಅತಿಥಿಗಳಿಗೆ ಪಾನಕ ಅಥವಾ ಮಜ್ಜಿಗೆ ಕೊಡುತ್ತಿದ್ದ ಅನೇಕ ಮನೆಗಳಲ್ಲಿ ಬಾಟಲಿಯ ಪಾನೀಯವೂ ಸತ್ಕಾರದ ಭಾಗವಾಯಿತು.

ಪ್ರತಿರೋಧ
ಕೇರಳದ ಪಾಲಕ್ಕಾಡ್ ಜಿಲ್ಲೆಯ ಪ್ಲಾಚಿಮಾಡದಲ್ಲಿ, ಬಾಟಲಿ ತುಂಬುವ ಘಟಕದಿಂದ ಅಂತರ್ಜಲ ಕುಸಿದು ಬಾವಿಗಳ ನೀರು ಕೆಟ್ಟಿತೆಂದು ಆರೋಪಿಸಿ ಸ್ಥಳೀಯರು 2002ರಲ್ಲಿ ಹೋರಾಟ ಆರಂಭಿಸಿದರು. ಆದಿವಾಸಿ ಮಹಿಳೆ ಮಯಿಲಮ್ಮ ಇದರ ಮುಂಚೂಣಿಯಲ್ಲಿದ್ದರು. ಘಟಕವು 2004ರಲ್ಲಿ ಉತ್ಪಾದನೆ ನಿಲ್ಲಿಸಿತು. 2003ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ತಂಪು ಪಾನೀಯಗಳಲ್ಲಿ ಕೀಟನಾಶಕದ ಅಂಶವಿದೆಯೆಂದು ಪ್ರಕಟಿಸಿದಾಗ ಸಂಸತ್ತು ಜಂಟಿ ಸಮಿತಿಯನ್ನು ರಚಿಸಿತು.

ಸ್ಥಳೀಯ ಬ್ರ್ಯಾಂಡ್‌ಗಳು
ತಮಿಳುನಾಡಿನ ಬೊವೊಂಟೊ, ದಕ್ಷಿಣ ಕನ್ನಡದ ಪುತ್ತೂರಿನ ಬಿಂದು ಜೀರಾ ಮೊದಲಾದವು ಪ್ರಾದೇಶಿಕ ರುಚಿಯ ಬಲದಿಂದ ನೆಲೆಯೂರಿವೆ. 2022ರಲ್ಲಿ ರಿಲಯನ್ಸ್ ಸಮೂಹವು ಕ್ಯಾಂಪಾ ಬ್ರ್ಯಾಂಡನ್ನು ಖರೀದಿಸಿ ಮರುವರ್ಷ ಮತ್ತೆ ಮಾರುಕಟ್ಟೆಗೆ ತಂದಿತು. ಹೀಗಾಗಿ ದೇಸಿ ಹೆಸರುಳ್ಳ ಪಾನೀಯವೆಲ್ಲವೂ ಸಣ್ಣ ತಯಾರಕರದ್ದೆಂದು ಭಾವಿಸುವಂತಿಲ್ಲ. ಹೆಸರು ಯಾರ ಒಡೆತನದಲ್ಲಿದೆ, ನೀರು ಯಾವ ಊರಿನದು ಎಂಬ ಪ್ರಶ್ನೆಗಳು ವಿದೇಶಿ ಬ್ರ್ಯಾಂಡ್‌ಗಳಂತೆಯೇ ಇವುಗಳಿಗೂ ಅನ್ವಯಿಸುತ್ತವೆ.