ಷರಾ ಯಾರಿಗೆ?

ಕಚೇರಿಯ ಕಡತಗಳಲ್ಲಿ ಅಂಚು ಬಿಟ್ಟು ಬರೆಯುತ್ತಿದ್ದ ಕಾಲದಲ್ಲಿ, ಮೇಲಧಿಕಾರಿಯು ಆ ಅಂಚಿನಲ್ಲಿ ಗೀಚಿದ ಷರಾವು ಕಡತದೊಡನೆಯೇ ಒಂದು ಮೇಜಿನಿಂದ ಮತ್ತೊಂದು ಮೇಜಿಗೆ ಸಾಗಿ, ಯಾರು ಉತ್ತರಿಸಬೇಕೋ ಅವರ ಮುಂದೆ ಮಾತ್ರ ತೆರೆದುಕೊಳ್ಳುತ್ತಿದ್ದಿತು. ಉಳಿದವರ ಮಧ್ಯಾಹ್ನದ ನಿದ್ರೆಗೆ ಅದರಿಂದ ಯಾವ ಭಂಗವೂ ಇರಲಿಲ್ಲ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಚದುರಿರುವ ನಾವು ನಾಲ್ವರು ಮಿತ್ರರು ಸ್ವಸ್ಥಳಗಳನ್ನು ಕುರಿತ ಕಿರುಹೊತ್ತಗೆಯೊಂದನ್ನು ಗೂಗಲ್ ಡಾಕ್ಸ್‌ನಲ್ಲಿ ಕೂಡಿ ಬರೆಯಲು ತೊಡಗಿದಾಗ ಆ ಹಳೆಯ ಶಿಸ್ತಿನ ಬೆಲೆ ತಿಳಿದಿತು. ಅಂಚಿನಲ್ಲಿ ಯಾರು ಏನು ಬರೆದರೂ ತಮಗೆ ಇ-ಮೇಲ್ ಬರಲೆಂದು ನಾಲ್ವರೂ ಉತ್ಸಾಹದಿಂದ ಏರ್ಪಾಡು ಮಾಡಿಕೊಂಡಿದ್ದೆವು. ಮಾರಿಕಣಿವೆಯ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಬಳಿಕ ಮತ್ತೆ ತುಂಬಿ ಹರಿಯಲೇ ಇಲ್ಲವೆಂದು ನಾನು ಹಳೆಯ ನೆನಪಿನಿಂದ ಬರೆದುದೇ ತಡ, 2022ರ ಕೋಡಿಯನ್ನು ಕಣ್ಣಾರೆ ಕಂಡಿದ್ದ ಹಿರಿಯೂರಿನವರು ಆಕ್ಷೇಪವನ್ನೆತ್ತಿದರು. ಹಿನ್ನೀರು ಯಾರ ತಾಲ್ಲೂಕಿನೊಳಕ್ಕೆ ಚಾಚಿದೆಯೋ ಆ ಹೊಸದುರ್ಗದವರು, 2025ರ ಜನವರಿಯನ್ನೂ ಸೇರಿಸಿರೆಂದು ಅದರ ಕೆಳಗೆ ಜೋಡಿಸಿದರು. ಹೊಳಲ್ಕೆರೆಯವರಾದರೋ, ತಮಗೆ ಸಂಬಂಧವೇ ಇಲ್ಲದ ಈ ಜಲವಿವಾದದ ಹನ್ನೊಂದು ಪತ್ರಗಳನ್ನು ಒಂದೇ ಮಧ್ಯಾಹ್ನದಲ್ಲಿ ಓದಿ ಬೇಸತ್ತು, ಹನ್ನೆರಡನೆಯದನ್ನು ತೆರೆಯದೆ ಬಿಟ್ಟರು. ಅವರ ಊರಿನ ಬಯಲು ಗಣಪತಿಯ ಎತ್ತರವೆಷ್ಟೆಂಬ ಪ್ರಶ್ನೆ ಇದ್ದುದು ಆ ಹನ್ನೆರಡನೆಯದರಲ್ಲಿ.

ಪರಿಹಾರವು ಕಷ್ಟದ್ದಲ್ಲ. ಕಂಪ್ಯೂಟರಿನಲ್ಲಿ ಕಡತವನ್ನು ತೆರೆದರೆ ಮೇಲಿನ ಸಾಲಿನ ‘ಟೂಲ್ಸ್’ ಎಂಬುದರೊಳಗೆ ‘ನೋಟಿಫಿಕೇಶನ್ ಸೆಟ್ಟಿಂಗ್ಸ್’ ಉಂಟು. ಎಲ್ಲ ಟಿಪ್ಪಣಿಗಳೂ ಬರಲಿ, ನನಗೆ ಸಂಬಂಧಿಸಿದುವು ಮಾತ್ರ ಬರಲಿ, ಯಾವುವೂ ಬೇಡ ಎಂಬ ಮೂರು ದಾರಿಗಳು ಅಲ್ಲಿವೆ. ನಡುವಿನದು ಸಾಮಾನ್ಯರಿಗೆ ಕ್ಷೇಮ. ಈ ಆಯ್ಕೆಯು ಆಯಾ ಕಡತಕ್ಕಷ್ಟೇ ಅನ್ವಯಿಸುವುದರಿಂದ, ಪ್ರತಿಯೊಬ್ಬರೂ ಪ್ರತಿಯೊಂದು ಕಡತದಲ್ಲಿಯೂ ತಮ್ಮದನ್ನು ತಾವೇ ಸರಿಪಡಿಸಿಕೊಳ್ಳಬೇಕು.

ಆದರೆ ಕಿವಿಯನ್ನು ಮುಚ್ಚಿಕೊಳ್ಳುವುದಕ್ಕಿಂತ, ಕರೆಯುವವರು ಹೆಸರು ಹಿಡಿದು ಕರೆಯುವುದು ಮೇಲೆಂದು ನನ್ನ ಎಣಿಕೆ. ಟಿಪ್ಪಣಿಯಲ್ಲಿ ‘@’ ಚಿಹ್ನೆಯನ್ನಿಟ್ಟು ಒಬ್ಬರ ಹೆಸರನ್ನು ಬರೆದರೆ ಅವರಿಗೆ ಪತ್ರ ಹೋಗುತ್ತದೆ. ಅಲ್ಲಿಯೇ ಕಾಣುವ ಚೌಕದಲ್ಲಿ ಗುರುತು ಹಾಕಿದರೆ ಆ ಕೆಲಸದ ಹೊಣೆಯೂ ಅವರದಾಗುತ್ತದೆ. ಕೆಲಸ ಮುಗಿದ ಮೇಲೆ ಸರಿಗುರುತನ್ನು ಒತ್ತಬೇಕೇ ಹೊರತು ಟಿಪ್ಪಣಿಯನ್ನು ಅಳಿಸಬಾರದು. ಸರಿಗುರುತು ಬಿದ್ದ ಚರ್ಚೆಯು ಅಂಚಿನಿಂದ ಮರೆಯಾದರೂ ಟಿಪ್ಪಣಿಗಳ ಸಂಚಯದಲ್ಲಿ ಉಳಿದಿರುತ್ತದೆ, ಬೇಕಾದಾಗ ಮತ್ತೆ ತೆರೆಯಬಹುದು. ಮಯೂರಶರ್ಮನ ಚಂದ್ರವಳ್ಳಿ ಶಾಸನವನ್ನು 1929ರ ಮೈಸೂರು ಪುರಾತತ್ತ್ವ ವರದಿಯಲ್ಲಿ ಎಂ. ಎಚ್. ಕೃಷ್ಣ ಅವರು ಒಂದು ಬಗೆಯಾಗಿ ಓದಿದರು. ಅನಂತರದ ವಿದ್ವಾಂಸರು ಅದೇ ಅಕ್ಷರಗಳಲ್ಲಿ ಬೇರೆ ಪಾಠವನ್ನು ಕಂಡರು. ಮೊದಲಿನ ಓದನ್ನು ಯಾರೂ ಅಳಿಸದೆ ಇದ್ದುದರಿಂದಲೇ ನಾವು ಆ ಅಧ್ಯಾಯದಲ್ಲಿ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ತೂಗಿ ನೋಡುವುದು ಸಾಧ್ಯವಾಯಿತು.

ಕೋಡಿಯ ವಿವಾದಕ್ಕೆ ಸರಿಗುರುತು ಬಿದ್ದಿದೆ. ಗಣಪತಿಯ ಪ್ರಶ್ನೆಯನ್ನು ಹೊಳಲ್ಕೆರೆಯವರ ಹೆಸರಿಗೇ ಹೊರಿಸಿದ್ದೇವೆ. ಈ ಸಲ ಪತ್ರವನ್ನು ಓದಿ ಉತ್ತರವನ್ನೂ ಬರೆದಿದ್ದಾರೆ, ಟೇಪು ಹಿಡಿದು ದೇವರ ಬಳಿಗೆ ಹೋಗುವ ಮೊದಲು ಅರ್ಚಕರನ್ನು ಒಂದು ಮಾತು ಕೇಳಬೇಕಂತೆ.